ಮೊಮ್ಮಗಳು ಜಗಳ ಆಡಿದಳು

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಜಗಳ ಆಡಿದಳು. ಮೊದಲು ಇದನ್ನು ಹೇಳಿಬಿಡುತ್ತೇನೆ, ಹಿಂದುಮುಂದು ಆಮೇಲೆ. ಜಗಳ ಆಡಿದ್ದು ಗುಜರಾತಿ ಭಾಷೆಯಲ್ಲಿ. ಎದ್ದು ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಕೊರಳಿನ ನರ ಉಬ್ಬುವ ಹಾಗೆ ಆಡಿದಳು. ಮನೆಯೊಳಗಿದ್ದವರೆಲ್ಲ ಜಗುಲಿಗೆ ಓಡಿ ಬಂದರು. ನಾನಂತೂ ಕೈಯಲ್ಲಿದ್ದ ಈರುಳ್ಳಿ ಕಟ್ಟನ್ನು ಎಲ್ಲಿ ಇಟ್ಟೆ ಎಂದು ಮಧ್ಯಾಹ್ನದ ತನಕ ಹುಡುಕಿದೆ.

ಇದರಲ್ಲಿ ಇಷ್ಟು ಸಂತೋಷಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಗಿರಿಜಕ್ಕನೂ ಕೇಳಿದಳು. ಗಿರಿಜಕ್ಕ ನಮ್ಮ ಹೊಳನಗದ್ದೆಗೆ ಮೀನು ಹೊತ್ತು ತರುವವಳು. ಅವಳು ಅಂಗಳಕ್ಕೆ ಕಾಲಿಡುವುದಕ್ಕಿಲ್ಲ, ನಾನು ಶುರು ಮಾಡಿದೆ.

"ಗಿರಿಜಕ್ಕ, ಸುದ್ದಿ ಗೊತ್ತಾತಾ? ನಮ್ಮ ಧನ್ಯಾ ಜಗಳ ಆಡ್ತು."

ಬುಟ್ಟಿ ಇಳಿಸುತ್ತಿದ್ದವಳು ಅರ್ಧಕ್ಕೇ ನಿಂತಳು. "ಯಾರ ಸಂಗ್ತಿಗೆ?"

"ಗುಜರಾತಿನ ಹುಡ್ಗಿ ಸಂಗ್ತಿಗೆ. ಫೋನಲ್ಲಿ."

"ಹೊಡ್ಕಂಡ್ರಾ?"

"ಫೋನಲ್ಲಿ ಹೊಡ್ಕಳೂದು ಹ್ಯಾಂಗೆ ಮಾರಾಯ್ತಿ? ಬಾಯಲ್ಲೇ."

"ಅದ್ಕೆ ನೀ ಹಲ್ಲು ಬಿಟ್ಕಂಡ್ ನಿಂತಿದ್ಯಾ? ನಮ್ಮನೆ ಮಕ್ಕಳು ದಿನಾ ಬೆಳಗಾದ್ರೆ ಜಗಳ ಆಡ್ತವೆ. ನಾ ಒಂದಿನಾನೂ ಊರಿಗೆ ಹೇಳ್ಲಿಲ್ಲ."

ಹಾಗೆ ಅಂದರೂ, ನನ್ನ ಮುಖ ನೋಡಿ ಅವಳಿಗೂ ನಗು ಬಂದಿರಬೇಕು. ಬಂಗಡೆ ಒಂದೆರಡು ಹೆಚ್ಚೇ ಹಾಕಿ ಹೋದಳು.

ಈಗ ಇದನ್ನು ಬರೆಯುವಾಗಲೂ ನನ್ನ ಬೆರಳಿನಲ್ಲಿ ಈರುಳ್ಳಿ ವಾಸನೆ ಇದೆ. ನಮ್ಮ ಕಡೆ ಈರುಳ್ಳಿ ಚೀಲಕ್ಕೆ ತುಂಬುವುದಿಲ್ಲ. ಕಿತ್ತ ಮೇಲೆ ಒಣಗಿಸಿ, ಅದರ ಎಲೆಯನ್ನೇ ಹೆಣೆದು, ಹೆಣ್ಣುಮಕ್ಕಳ ಜಡೆಯ ಹಾಗೆ ಉದ್ದಕ್ಕೆ ಕಟ್ಟಿ, ಅಡುಗೆಮನೆ ಜಂತಿಗೆ ತೂಗುಹಾಕುತ್ತೇವೆ. ಮಳೆಗಾಲ ಮುಗಿಯುವ ತನಕ ಬೇಕಾದಾಗ ಒಂದೊಂದೇ ಕಿತ್ತು ತೆಗೆದರೆ ಆಯಿತು. ಕುಮಟೆಯ ಹೆದ್ದಾರಿಯಲ್ಲಿ ಹೋದವರು ನೋಡಿರಬಹುದು, ಬೇಸಿಗೆಯಲ್ಲಿ ರಸ್ತೆ ಬದಿಗೆಲ್ಲ ಇವೇ ತೂಗುತ್ತಿರುತ್ತವೆ. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ನನಗೆ ಚೆನ್ನಾಗಿ ಬರುವುದು ಈ ಈರುಳ್ಳಿ ಕಟ್ಟುವ ಕೆಲಸ. ಪೆನ್ನು ಹಿಡಿದರೆ ಸಾಲು ಮೇಲೆ ಮೇಲೆ ಹೋಗುತ್ತದೆ. ಹೋಗಲಿ. ಹೇಳದೆ ಕುಳಿತರೆ ನಾನೇ ಮೇಲೆ ಹೋಗುವ ಹಾಗೆ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಧನ್ಯಾ ನನ್ನ ಮಗಳು ವೀಣಾಳ ಮಗಳು. ಈಗ ಆರು ತುಂಬಿದೆ. ಹೋದ ಬೇಸಿಗೆಯ ತನಕ ಅವರೆಲ್ಲ ಕುಮಟೆ ಪೇಟೆಯಲ್ಲೇ ಬಾಡಿಗೆ ಮನೆಯಲ್ಲಿದ್ದರು. ಅಳಿಯನಿಗೆ ಕ್ರೇನ್ ನಡೆಸುವ ಕೆಲಸ. ಗುಜರಾತಿನ ಒಂದು ಬಂದರಿನಲ್ಲಿ ಕಾಯಂ ಕೆಲಸ ಸಿಕ್ಕಿತು. ನರ್ಸ್ ಆಗಿದ್ದ ವೀಣಾಳಿಗೂ ಅದೇ ಊರಿನ ಆಸ್ಪತ್ರೆಯಲ್ಲಿ ಜಾಗ ಆಯಿತು. ಮನೆ ಹೂಡಿಕೊಡಲು ನಾನೂ ಜೊತೆಗೆ ಹೋದೆ.

ಸಾಮಾನು ಕಟ್ಟಿದ್ದು ನಾನು. ಅದಕ್ಕಾಗಿ ಇವತ್ತಿಗೂ ನಗೆಗೆ ಗುರಿಯಾಗುತ್ತೇನೆ. ಕುಚ್ಚಲಕ್ಕಿ ಚೀಲ, ಸಾರಿನ ಹುಳಿಗೆ ಮುರುಗಲ ಸಿಪ್ಪೆ, ತೆಂಗಿನಕಾಯಿ, ಹಿಡಿಸೂಡಿ, ಕಾಯಿ ತುರಿಯುವ ಮಣೆ. ಹಿಡಿಸೂಡಿ ನೋಡಿ ನಮ್ಮ ಮನೆಯವರು ಕೇಳಿದರು, "ಅಲ್ಲಿ ಕಸ ಬೀಳೂದಿಲ್ಲಾ? ಬಿದ್ರೆ ಅವ್ರೆಲ್ಲ ಕೈಯಲ್ಲಿ ಹೆಕ್ತ್ರಾ?" ಒಣ ಸಿಗಡಿಯ ಡಬ್ಬಿ ಮಾತ್ರ ವೀಣಾ ಹೊರಗೆ ತೆಗೆದಿಟ್ಟಳು. "ಆಯಿ, ಆ ಬಿಲ್ಡಿಂಗಲ್ಲಿ ಯಾರೂ ಮೀನು ತಿನ್ನೂದಿಲ್ಲ. ಹೋದ ದಿನವೇ ಬೇಡ." ಕುಮಟಾ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಸೀನಿ ಮೂಗು ಒರೆಸಿಕೊಳ್ಳುವಷ್ಟು ಹೊತ್ತು. ಅಷ್ಟರೊಳಗೆ ಇಷ್ಟೂ ಗಂಟು ಹತ್ತಿಸಿ, ಮಗುವನ್ನು ಹತ್ತಿಸಿ, ಕೊನೆಗೆ ನನ್ನನ್ನು ಒಂದು ಗಂಟಿನ ಹಾಗೆ ಹಿಂದಿನಿಂದ ದೂಡಿ ಹತ್ತಿಸಿದರು.

ಹೊಸ ಮನೆ ಮೇಲಿನ ಮಾಳಿಗೆಯಲ್ಲಿತ್ತು. ಎದುರು ಮನೆಯ ಬಾಗಿಲು ತೆರೆದರೆ ಮೊದಲು ಕಾಣುವುದು ಉಯ್ಯಾಲೆ. ಹಿತ್ತಾಳೆ ಸರಪಳಿ, ಅಗಲದ ಮರದ ಹಲಗೆ. ಅವರು ಅದಕ್ಕೆ ಹೀಂಚ್ಕೊ ಅನ್ನುತ್ತಾರೆ. ನಾನು ಮಕ್ಕಳಿಗೆ ಕಟ್ಟಿದ್ದು ಅಂದುಕೊಂಡೆ. ಅಲ್ಲಂತೆ. ಚಹಾ ಕುಡಿಯುವುದು, ಬೀನ್ಸ್ ಬಿಡಿಸುವುದು, ಗಂಡನಿಗೆ ಬುದ್ಧಿ ಹೇಳುವುದು ಎಲ್ಲವೂ ಅದರ ಮೇಲೆ ಕುಳಿತೇ. ಆ ಮನೆಯ ಹಂಸಾಬೆನ್ ನನ್ನನ್ನೂ ಕೈ ಹಿಡಿದು ಕೂರಿಸಿದಳು. ಅವಳು ಗುಜರಾತಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ, ಇಬ್ಬರೂ ತಲೆ ಆಡಿಸಿದೆವು. ಚಹಾ ಕುಡಿದು ಇಳಿದಾಗ ನೆಲವೇ ಅತ್ತಿತ್ತ ಆಡುತ್ತಿತ್ತು. ಗೋಡೆ ಹಿಡಿದುಕೊಂಡು ಮನೆಗೆ ಬಂದೆ.

ಹಂಸಾಬೆನ್‌ಳ ಮಗಳು ಧ್ರುವಿ. ಅವಳೂ ಧನ್ಯಾಳ ವಯಸ್ಸಿನವಳೇ, ಅದೇ ಶಾಲೆ, ಅದೇ ಕ್ಲಾಸು. ವೀಣಾ ಆಸ್ಪತ್ರೆಯಿಂದ ಬರುವ ತನಕ ಸಂಜೆ ಹೊತ್ತು ಧನ್ಯಾ ಅವರಲ್ಲೇ ಇರುವುದೆಂದಾಯಿತು. ಇಬ್ಬರನ್ನೂ ಉಯ್ಯಾಲೆ ಮೇಲೆ ಕೂರಿಸಿ, ಎಲ್ಲ ಸರಿಯಾಯಿತೆಂದು ನಾನು ಊರಿಗೆ ಮರಳಿದೆ.

ಸರಿಯಾಗಲಿಲ್ಲ. ಶಾಲೆಯಿಂದ ದೂರು ಬರಲು ಶುರುವಾಯಿತು. ಧನ್ಯಾ ಮಾತಾಡುವುದಿಲ್ಲ. ಹೆಸರು ಕೇಳಿದರೆ ಹೇಳುವುದಿಲ್ಲ, ನೀರು ಬೇಕಾ ಎಂದರೆ ತಲೆಯನ್ನೂ ಆಡಿಸುವುದಿಲ್ಲ. ಇಲ್ಲಿದ್ದಾಗ ಬಾವಿಯ ಕಪ್ಪೆಯನ್ನೂ ಬಿಡದೆ ಮಾತಾಡಿಸುತ್ತಿದ್ದ ಹುಡುಗಿ. ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸಮ ಇದೆ ಎಂದರು.

ನಾನು ನನ್ನ ಔಷಧಿ ತೆಗೆದೆ. ಮಾತು ತಡವಾದ ಮಕ್ಕಳಿಗೆ ನಮ್ಮಲ್ಲಿ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುತ್ತಾರೆ. ಆ ಕಡೆಗೆ ಹೋಗುವವರ ಹತ್ತಿರ ಒಂದು ಕಟ್ಟು ಬೇರು ಕಳಿಸಿದೆ. ವೀಣಾ ಫೋನು ಮಾಡಿದಳು.

"ಆಯಿ, ಮನೇಲಿ ಕನ್ನಡ ಪಟಪಟ ಆಡ್ತದೆ ಅದು. ಬಜೆ ಎಂತಕ್ಕೆ?"

"ಬಜೆ ಎಂತ ಕನ್ನಡ ಬೇರೆ, ಗುಜರಾತಿ ಬೇರೆ ಅಂತ ನೋಡ್ತದಾ? ನೀ ನೆಕ್ಸು."

ನೆಕ್ಕಿಸಿದಳು. ಮಗು ಮುಖ ಕಿವುಚಿತು. ಮಾತು ಬರಲಿಲ್ಲ. ಗಿಳಿ ಕಚ್ಚಿದ ಹಣ್ಣು ತಿನ್ನಿಸಿದರೂ ಆಗುತ್ತದೆ ಎಂದು ಯಾರೋ ಹೇಳಿದರು. ಹಿತ್ತಲ ಪೇರಲೆ ಮರದಡಿ ಕತ್ತು ಮೇಲೆ ಮಾಡಿ ನಿಂತೆ. ಕಚ್ಚಿದ ಹಣ್ಣೇನೋ ಸಿಕ್ಕಿತು. ಕಚ್ಚಿದ್ದು ಗಿಳಿಯೋ ಅಳಿಲೋ ಎಂದು ನಮ್ಮ ಮನೆಯವರು ಕೇಳಿದರು. "ಅಳಿಲು ಕಚ್ಚಿದ್ದು ತಿನ್ನಿಸಿ, ಮಾತು ಬರೂ ಬದ್ಲಿ ಹುಡ್ಗಿ ಮರ ಹತ್ತೂಕೆ ಸುರು ಮಾಡಿದ್ರೆ?" ಎಂದರು. ಅದು ಅಲ್ಲಿಗೇ ನಿಂತಿತು.

ಶಾಲೆಯ ವರ್ಷ ಮುಗಿಯುವಾಗ ಟೀಚರು, ಈ ಮಗುವನ್ನು ಮುಂದಿನ ಕ್ಲಾಸಿಗೆ ಹೇಗೆ ಕಳಿಸುವುದು ಎಂದು ಕೇಳಿದರಂತೆ. ಆವತ್ತು ವೀಣಾ ಫೋನಿನಲ್ಲಿ ಅತ್ತಳು. ನಾನೇ ಹೇಳಿದೆ, "ಇಲ್ಲೇ ಬಿಟ್ಟು ಹೋಗು. ನಮ್ಮೂರ ಶಾಲೆಗೆ ಹೋಗ್ಲಿ. ನಂಗೆ ಎಂತ ಭಾರ?" ಭಾರ ಎಲ್ಲಿಂದ ಬರಬೇಕು, ನನಗೆ ಒಳಗೊಳಗೇ ಹಬ್ಬ. ರಜೆಗೆ ಎಲ್ಲರೂ ಬಂದಾಗ, ತಿರುಗಿ ಹೋಗುವುದಕ್ಕೆ ಅಳಿಯ ಎರಡೇ ಟಿಕೆಟ್ಟು ತೆಗೆಸಿದ್ದರು. ಶಾಲೆಯ ಮಾಸ್ತರರಿಗೆ ಹೇಳಿಯಾಯಿತು. ಸಮವಸ್ತ್ರ ಹೊಲಿಯಲು ಕೊಟ್ಟಾಯಿತು. ಅವಳ ಕೊಡೆ ಸಿಕ್ಕಿಸಲೆಂದು ಜಗುಲಿಯ ಕಂಬಕ್ಕೆ ಗಿಡ್ಡಕ್ಕೆ ಒಂದು ಮೊಳೆ ಹೊಡೆಸಿದೆ. "ಅಜ್ಜಿ ಮನೇಲೇ ಇರ್ತ್ಯಾ?" ಎಂದು ಕೇಳಿದರೆ ಧನ್ಯಾ ಮೊಳೆಯನ್ನೇ ನೋಡಿದಳು. ನಾಚಿಕೆ ಅಂದುಕೊಂಡೆವು.

ವೀಣಾಳ ಮುಖ ಮಾತ್ರ ಬಂದ ದಿನದಿಂದ ಬಾಡಿಯೇ ಇತ್ತು. ಮಗಳ ತಲೆ ಬಾಚಲು ಕುಳಿತರೆ ಬಾಚುತ್ತಲೇ ಇರುತ್ತಿದ್ದಳು. ಹೆಣೆದ ಜಡೆ ಬಿಚ್ಚಿ ಪುನಃ ಹೆಣೆಯುತ್ತಿದ್ದಳು. ಅಲ್ಲಿ ಹೋದ ಮೇಲೆ ಸಂಜೆ ಯಾರ ತಲೆ ಬಾಚುವುದು ಎಂದು ಒಮ್ಮೆ ನನ್ನನ್ನೇ ಕೇಳಿದಳು. ನಾನು ಕೇಳದವಳ ಹಾಗೆ ಎದ್ದು ಹೋದೆ.

ಇಲ್ಲಿ ನನ್ನ ಹಳೆಯ ಕತೆ ಒಂದಿಷ್ಟು ಹೇಳಬೇಕು. ನಾನು ಭಟ್ಕಳದವಳು. ನನ್ನ ಅಬ್ಬೆ ಮಲ್ಲಿಗೆ ಕಟ್ಟಿ ಅಲ್ಲಿಯ ನವಾಯತ ಮುಸ್ಲಿಮರ ಮನೆಗಳಿಗೆ ಕೊಡುತ್ತಿದ್ದಳು. ಅವಳ ಸೆರಗು ಹಿಡಿದು ಹೋಗಿ ಹೋಗಿ ನನಗೂ ಕೊಂಕಣಿಯ ಹಾಗೇ ಇರುವ ಅವರ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು. ಮದುವೆಯಾಗಿ ಹೊನ್ನಾವರಕ್ಕೆ ಬಂದೆ. ಆಗ ಶರಾವತಿಗೆ ಸೇತುವೆ ಇರಲಿಲ್ಲ, ದೋಣಿಯಲ್ಲಿ ದಾಟಬೇಕು. ನದಿಯ ನಡುವಿನಲ್ಲಿ ನಿಂತರೆ ಎರಡು ದಡವೂ ದೂರ. ನನಗೆ ಆಗ ಹೊನ್ನಾವರವೆಂದರೆ ಬೇರೆ ರಾಜ್ಯವೇ. ಇವರು ಪೇಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ರುಕ್ಮಾಬಾಯಿ. ಅವರ ಮನೆಯಲ್ಲಿ ಕೊಂಕಣಿ. ಎರಡು ಮನೆಗೂ ಒಂದೇ ಬಾವಿ.

ನಾನು ಬಾಯಿ ಬಿಡಲಿಲ್ಲ. ಕೊಂಕಣಿ ಕಿವಿಗೆ ಬೀಳುತ್ತಿತ್ತು, ಗೊತ್ತೂ ಆಗುತ್ತಿತ್ತು, ಆಡಿದರೆ ನಗುತ್ತಾರೆ ಎಂಬ ಹೆದರಿಕೆ. ಬಂದವಳು ಮೂಗಿ ಎಂದು ಕೇರಿಯಲ್ಲಿ ಸುದ್ದಿ ಆಯಿತು. ಮೂಗಿಯ ಮೇಲೆ ಏನು ಹೊರಿಸುವುದೂ ಸುಲಭ. ಬಾವಿಯ ಹಗ್ಗ ಸವೆದರೆ ನಾನು, ರಾಟೆ ಕಿರುಗುಟ್ಟಿದರೆ ನಾನು, ರುಕ್ಮಾಬಾಯಿಯ ಕೋಳಿ ಮೊಟ್ಟೆ ಇಡದಿದ್ದರೂ ಹೇಗೋ ನಾನು. ಒಂದು ದಿನ ಕೊಡಪಾನ ಬಾವಿಗೆ ಬಿತ್ತು. ಬೀಳಿಸಿದ್ದು ಅವಳ ಮಗಳು, ನಾನು ಕಣ್ಣಾರೆ ನೋಡಿದ್ದೆ. ರುಕ್ಮಾಬಾಯಿ ಬಂದು ನೇರ ನನ್ನ ಕಡೆಗೆ ಕೈ ತೋರಿಸಿದಳು. ನನಗೆ ಅದೆಲ್ಲಿತ್ತೋ. "ಹಾಂವ ನ್ಹಂಯ್," ಎಂದೆ, ನಾನಲ್ಲ ಎಂದು. ಅಲ್ಲಿಂದ ಶುರುವಾದದ್ದು, ಹಗ್ಗ, ರಾಟೆ, ಕೋಳಿ ಒಂದನ್ನೂ ಬಿಡದೆ ಅಷ್ಟೂ ದಿನದ್ದು ಕೊಂಕಣಿಯಲ್ಲೇ ಸುರಿದುಬಿಟ್ಟೆ. ಕೊಂಕಣಿ ಮುಗಿದಲ್ಲಿ ಕನ್ನಡ ಹಾಕಿದೆ, ಕನ್ನಡ ಸಾಲದಲ್ಲಿ ಭಟ್ಕಳದ ಮಾತು ಹಾಕಿದೆ.

ರುಕ್ಮಾಬಾಯಿ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸಿಟ್ಟಿನಿಂದ ಅಲ್ಲ, ನಗು ತಡೆಯಲಾಗದೆ. "ಇಷ್ಟು ದಿವಸ ಈ ಬಾಯಿ ಎಲ್ಲಿ ಇಟ್ಟಿದ್ಯೆ ನೀನು?" ಎಂದು ನನಗಾಗಿ ಕನ್ನಡದಲ್ಲೇ ಕೇಳಿದಳು. ಆವತ್ತೇ ತಾಟಿನ ತುಂಬ ಪತ್ರೊಡೆ ಕಳಿಸಿದಳು. ಆಮೇಲೆ ನಾವು ಹೊಳನಗದ್ದೆಯ ಈ ಗದ್ದೆ ಪಾಲಿಗೆ ಬಂತೆಂದು ಕುಮಟೆಗೆ ಬರುವ ತನಕ, ಅವಳಿಲ್ಲದೆ ನನಗೆ ಹೊತ್ತು ಹೋಗುತ್ತಿರಲಿಲ್ಲ. ದಿನಕ್ಕೊಂದು ಜಗಳ, ಮತ್ತೆ ಒಟ್ಟಿಗೆ ಚಹಾ. ಪರ ಊರಿನಲ್ಲಿ ನಾವು ಹೆದರಿ ಬಾಳುವಷ್ಟು ದಿನ ಎಲ್ಲರಿಗೂ ಹೌದು ಹೌದು ಎನ್ನುತ್ತೇವೆ. ಇಲ್ಲ ಎನ್ನಲು ಬಂದ ದಿನ ನಮಗೂ ಅಲ್ಲಿ ಒಂದು ಮನೆ ಇದೆ ಎಂದು ಗೊತ್ತಾಗುತ್ತದೆ. ನನಗೆ ಹಾಗೇ ಆದದ್ದು.

ಇನ್ನು ನಿನ್ನೆಯ ಮಾತು. ಜಗುಲಿಯಲ್ಲಿ ನಾನು ಈರುಳ್ಳಿ ಹೆಣೆಯುತ್ತಿದ್ದೆ. ಧನ್ಯಾ ನನಗೆ ಒಂದೊಂದೇ ಗಡ್ಡೆ ಆರಿಸಿ ಕೊಡುತ್ತಿದ್ದಳು. ಒಳಗಿನಿಂದ ವೀಣಾಳ ಫೋನು ಹೊಡೆದುಕೊಂಡಿತು. ಹಂಸಾಬೆನ್‌ಳ ಕರೆ, ಮುಖ ಕಾಣುವಂಥದ್ದು. ವೀಣಾ ಅಡುಗೆ ಕೈಯಲ್ಲಿ ಫೋನನ್ನು ಮಗಳಿಗೆ ಕೊಟ್ಟು, "ಧ್ರುವಿಗೆ ಟಾಟಾ ಮಾಡು" ಎಂದು ಒಳಗೆ ಹೋದಳು. ಧನ್ಯಾ ಎಂದಿನ ಹಾಗೆ ಸುಮ್ಮನೆ ಫೋನು ಹಿಡಿದು ಕುಳಿತಳು. ನಾನೂ ಕತ್ತು ಚಾಚಿ ನೋಡಿದೆ. ಅದೇ ಉಯ್ಯಾಲೆ ಕಂಡಿತು. ಧ್ರುವಿ ಬಲಗಡೆ ಕುಳಿತಿದ್ದಳು. ಎಡಗಡೆ, ಗೋಡೆಯ ಪಕ್ಕ, ಕೆಂಪು ಫ್ರಾಕಿನ ಬೇರೊಂದು ಹುಡುಗಿ.

ಧನ್ಯಾ ಎದ್ದು ನಿಂತಳು.

"ಎ ಮಾರೀ ಜಗ್ಯಾ ಛೆ," ಎಂದಳು.

ನಾನು ಈರುಳ್ಳಿ ಹಿಡಿದಲ್ಲೇ ಉಳಿದೆ. ಆ ಕಡೆಯಿಂದ ಧ್ರುವಿ ಏನೋ ಅಂದಳು. ಇವಳು ಅದಕ್ಕಿಂತ ಜೋರಾಗಿ ಅಂದಳು. ಅವಳೊಂದು, ಇವಳೆರಡು. ಕೈ ಸೊಂಟಕ್ಕೆ ಹೋಯಿತು. ನಮ್ಮ ಮನೆಯವರು ಪೇಪರು ಬಿಟ್ಟು ಬಂದರು, ಅಳಿಯ ಮುಖಕ್ಕೆ ಸೋಪು ಹಚ್ಚಿಕೊಂಡವರು ಹಾಗೇ ಬಂದರು, ವೀಣಾ ಸೌಟು ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಎಂತ ಹೇಳ್ತದೆ ಅದು?" ಎಂದು ನಾನು ಮೆಲ್ಲಗೆ ಕೇಳಿದೆ.

"ಅದು ನನ್ನ ಜಾಗ ಅಂತ ಹೇಳ್ತದೆ ಆಯಿ. ಅವ್ಳನ್ನ ಕೆಳಗೆ ಇಳ್ಸು ಅಂತ."

"ಧ್ರುವಿ ಎಂತ ಹೇಳ್ತು?"

ವೀಣಾ ಮಗಳ ಕಡೆಗೇ ನೋಡುತ್ತ ಹೇಳಿದಳು. "ನೀನು ಬರೂದಿಲ್ವಲ್ಲ, ನಿನ್ನ ಮಮ್ಮಿನೇ ಹೇಳ್ರು, ಅಂತು."

ಆಗ ಧನ್ಯಾ ಫೋನನ್ನು ಬಾಯಿಯ ಹತ್ತಿರಕ್ಕೆ ತಂದು ಮತ್ತೊಂದು ಮಾತು ಹೇಳಿದಳು. ಸಣ್ಣ ಮಾತು. "ಹುಂ ಆವೀಶ್." ನನಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ, ವೀಣಾಳ ಮುಖದಲ್ಲೇ ಗೊತ್ತಾಯಿತು. ಆದರೂ ಅವಳು ಹೇಳಿದಳು. "ಬತ್ತೆ ಅಂತು, ಆಯಿ. ನಾ ಬತ್ತೆ ಅಂತು." ಅಂದವಳು ಸೌಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಹಣೆಗೆಲ್ಲ ಸಾರು.

ಹಂಸಾಬೆನ್ ಫೋನು ತೆಗೆದುಕೊಂಡು ನಗುತ್ತ ಏನೇನೋ ಹೇಳಿದಳು. ಈ ಹುಡುಗಿ ದಿನಾ ಸಂಜೆ ಉಯ್ಯಾಲೆಯ ಮೇಲೆ ಹೀಗೇ ಮಾತಾಡುತ್ತಾಳಂತೆ. ದೊಡ್ಡವರು ಹತ್ತಿರ ಬಂದರೆ ಮಾತ್ರ ಸುಮ್ಮನಾಗುತ್ತಾಳಂತೆ. ನಿಮಗೆ ಗೊತ್ತೇ ಇರಬಹುದು ಎಂದು ತಾನು ಹೇಳಲಿಲ್ಲ ಎಂದಳಂತೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಯಾರು ನೋಡಬೇಕು? ನಾವು ಡಾಕ್ಟರ ಹತ್ತಿರ ಹೋದೆವು, ಬಜೆ ತೇಯ್ದೆವು, ಎದುರು ಮನೆಯ ಬಾಗಿಲಿಗೆ ಕಿವಿ ಕೊಡಲಿಲ್ಲ.

ಅಳಿಯ ಸೋಪಿನ ಮುಖದಲ್ಲೇ ಮಗಳ ಮುಂದೆ ಕುಳಿತರು. "ಶಾಲೇಲಿ ಯಾಕೆ ಮಾತಾಡೂದಿಲ್ಲ ಮಗಾ?"

"ಒಂದ್ಸಲ ಆಡ್ದೆ. ಎಲ್ಲರೂ ನಗಾಡ್ರು."

"ಧ್ರುವಿ?"

"ಅವ್ಳು ನಗಾಡ್ಲಿಲ್ಲ. ಹ್ಯಾಂಗೆ ಹೇಳೂದು ಅಂತ ಹೇಳ್ಕೊಟ್ಳು."

ಅಳಿಯ ಮುಖ ತೊಳೆದು ಬಂದು ತಮ್ಮ ಫೋನು ಹಿಡಿದು ಕುಳಿತರು. ಮೂರನೇ ಟಿಕೆಟ್ಟು. ವೇಟಿಂಗ್ ಬಂತು. ನಮ್ಮ ಮನೆಯವರು ಪೇಪರು ಎತ್ತಿಕೊಳ್ಳುತ್ತ, "ಅಡ್ಡಿಲ್ಲ ತೆಗ್ಸಿ. ಸೀಟು ಸಿಗ್ಲಿಲ್ಲ ಅಂದ್ರೆ ಅದೇ ಜಗಳ ಆಡಿ ಹಿಡೀತದೆ" ಎಂದರು. ಅಲ್ಲಿಯ ಟೀಚರ ಹತ್ತಿರ ಧ್ರುವಿಯ ಬೆಂಚಿನಲ್ಲೇ ಕೂರಿಸಿ ಎಂದು ಕೇಳುವುದೆಂದು ವೀಣಾ ಹೇಳಿದಳು. ಮತ್ತೆ ನನ್ನ ಹತ್ತಿರ ಬಂದು ಕುಳಿತು, "ಆಯಿ, ನಿಂಗೆ ಬೇಜಾರಾತಾ?" ಎಂದು ಕೇಳಿದಳು.

"ಬೇಜಾರು ಮಾಡೂಕೆ ನಂಗೆ ಪುರ್ಸೊತ್ತಿಲ್ಲ. ಈರುಳ್ಳಿ ಅಷ್ಟೂ ಕಟ್ಟೂದು ಬಾಕಿ ಅದೆ."

ಬೇಸರ ಇಲ್ಲವೇ ಇಲ್ಲ ಎಂದರೆ ನೀವೂ ನಂಬುವುದಿಲ್ಲ. ಒಂದು ಚೂರು ಇದೆ. ಆದರೆ ಆ ಮಗು ಎದ್ದು ನಿಂತದ್ದನ್ನು ನೀವು ನೋಡಬೇಕಿತ್ತು. ನನಗೆ ಹೊಟ್ಟೆಯೊಳಗಿನಿಂದ ನಗು ಬರುತ್ತಿತ್ತು, ಬೇಸರಕ್ಕೆ ಜಾಗವೇ ಸಿಗಲಿಲ್ಲ.

ಸಂಜೆ ಬಂಗಡೆ ಸಾರು, ಹುರಿದ ಬಂಗಡೆ, ಕುಚ್ಚಲಕ್ಕಿ ಅನ್ನ. ಸೆಕೆಗೆ ಒಳಗೆ ಕೂರಲಾಗದೆ ಎಲ್ಲರೂ ಜಗುಲಿಯಲ್ಲೇ ಸಾಲಾಗಿ ತಾಟು ಹಾಕಿಕೊಂಡೆವು. ಧನ್ಯಾಳ ಬಾಯಿ ಬೆಳಿಗ್ಗೆ ತೆರೆದದ್ದು ಇನ್ನೂ ಮುಚ್ಚಿರಲಿಲ್ಲ. ಟೀಚರ ಕನ್ನಡಕ, ಬಸ್ಸಿನ ಡ್ರೈವರನ ಮೀಸೆ, ಕ್ಲಾಸಿನಲ್ಲಿ ಯಾರ ಹಲ್ಲು ಬಿತ್ತು, ಒಂದು ವರ್ಷದ್ದೆಲ್ಲ ಹೊರಗೆ ಬರುತ್ತಿತ್ತು. ಅನ್ನದ ಪಾತ್ರೆಯನ್ನು ತನ್ನ ಮುಂದೆ ಎಳೆದುಕೊಂಡು, ಸೌಟು ಹಿಡಿದು, ಒಂದು ಕಾನೂನು ಮಾಡಿದಳು. ಗುಜರಾತಿಯಲ್ಲಿ ಕೇಳಿದವರಿಗೆ ಮಾತ್ರ ಅನ್ನ.

"ಭಾತ್ ಆಪೊ, ಅಂತ ಹೇಳ್ಬೇಕು."

"ನಮ್ಮನೆ ಅನ್ನ ತಿನ್ನೂಕೆ ನಾ ಗುಜರಾತಿ ಆಡ್ಬೇಕನೆ?" ಎಂದು ಅಜ್ಜ ತಾಟು ಹಿಡಿದೇ ಕುಳಿತರು. ಹುಡುಗಿ ಸೌಟು ಎತ್ತಲಿಲ್ಲ. ಸಾರು ಆರುತ್ತಿತ್ತು. ಕೊನೆಗೆ ಅಜ್ಜ ಅತ್ತಿತ್ತ ನೋಡಿ, ಬೇಲಿಯಾಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಭಾತ್ ಆಪೊ" ಎಂದರು. ವೀಣಾ ನಕ್ಕ ನಗೆಗೆ ಮೀನಿನ ಮುಳ್ಳು ಸಿಕ್ಕಿಕೊಂಡೀತೆಂದು ನನಗೆ ಭಯವಾಯಿತು. ಅವಳು ಹಾಗೆ ನಗುವುದನ್ನು ನೋಡಿ ಎಷ್ಟೋ ದಿನ ಆಗಿತ್ತು. ಅಳಿಯನಿಗೆ ಒಂದೇ ಸಲಕ್ಕೆ ಅನ್ನ ಸಿಕ್ಕಿತು.

ಆಮೇಲೆ ನನ್ನ ಸರದಿ. ನನಗೆ ಬರುತ್ತಿತ್ತು. ಕಿವಿಗೆ ಬಿದ್ದ ಭಾಷೆ ಹಿಡಿಯುವುದು ನನಗೆ ಕಷ್ಟವಲ್ಲ. ಆದರೂ "ಬಾತಾಪು" ಎಂದೆ.

"ಹಾಂಗಲ್ಲ ಅಜ್ಜಿ. ನನ್ನ ಬಾಯಿ ನೋಡು." ಸೌಟು ಬಿಟ್ಟು ನನ್ನ ಹತ್ತಿರ ಸರಿದು, ನನ್ನ ಎರಡೂ ಕೆನ್ನೆ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ತುಟಿಯ ಮೇಲೆ ಒಂದು ಅಗಳು ಅಂಟಿತ್ತು. ಮುಂದಿನ ಒಂದು ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ಕಾಣುತ್ತಿತ್ತು. "ಭಾತ್," ಎಂದಳು. "ಆಪೊ."

ನೋಡಿದೆ. ಚೆನ್ನಾಗಿ ನೋಡಿಕೊಂಡೆ. ಮತ್ತೆ ಇನ್ನೊಂದು ಸಲ ತಪ್ಪು ಹೇಳಿದೆ.